ಸದಸ್ಯರ ಗಮನಕ್ಕೆ: ಮಸಾಚ್ಚೊನ ‘ಪವಿತ್ರ ತ್ರಿತ್ವ’ ಚಿತ್ರದ ಕುರಿತು

ಆತ್ಮೀಯರೇ,

ಈ ವಾರದ ಚರ್ಚೆಗೆ, ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆಯ ಮೇಲೆ ಇಟಲಿಯ ಚಿತ್ರಕಾರ ಮಸಾಚ್ಚೊ 1427ರ ಸುಮಾರಿಗೆ ರಚಿಸಿದ ‘ಪವಿತ್ರ ತ್ರಿತ್ವ’ (ತಂದೆ ದೇವರು, ಶಿಲುಬೆಯ ಮೇಲಿನ ಮಗ ಯೇಸು, ಪವಿತ್ರಾತ್ಮ) ಭಿತ್ತಿಚಿತ್ರವನ್ನು ಆರಿಸಿಕೊಂಡಿದ್ದೇವೆ. ಅದರ ಧಾರ್ಮಿಕ ಅರ್ಥಕ್ಕೆ ಕೈಹಾಕುವ ಮೊದಲು ರಚನೆಯನ್ನು ನಿಧಾನವಾಗಿ ಗಮನಿಸಬೇಕೆಂದು ಎಲ್ಲರಲ್ಲೂ ವಿನಂತಿ.

ಚಿತ್ರದ ಪ್ರತಿಯೊಂದರ ಮೇಲೆ, ಕಮಾನಿನ ಒಳಛಾವಣಿಯಲ್ಲಿರುವ ಚೌಕಗಳ ಅಂಚುಗಳನ್ನು ಅಳತೆಪಟ್ಟಿಯಿಟ್ಟು ಕೆಳಕ್ಕೆ ಎಳೆದು ನೋಡಿ. ಹಿಂದಕ್ಕೆ ಸರಿಯುವ ಆ ಗೆರೆಗಳೆಲ್ಲ ಶಿಲುಬೆಯ ಬುಡದ ಬಳಿ, ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ ಹತ್ತಿರದಲ್ಲಿ, ಒಂದೆಡೆ ಕೂಡುತ್ತವೆ. ಸಪಾಟಾದ ಗೋಡೆ ಒಳಗೆ ಕೊರೆದ ಗುಡಿಯಂತೆ ಕಾಣುವುದಕ್ಕೂ, ಕೆಳಗಿನ ಅಸ್ಥಿಪಂಜರವಿರುವ ಸಮಾಧಿ ನಾವು ನಿಂತ ಜಾಗಕ್ಕೇ ಚಾಚಿಕೊಂಡಂತೆ ತೋರುವುದಕ್ಕೂ ಇದೇ ಕಾರಣ. ಕಮಾನು, ಕಂಬಗಳ ಶೈಲಿ ಅದೇ ಕಾಲದ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿಯ ಕಟ್ಟಡಗಳನ್ನು ನೆನಪಿಸುತ್ತದೆ. ವಾಸ್ತುಶಿಲ್ಪ ಬಲ್ಲವರು ಈ ಭಾಗವನ್ನು ವಿವರಿಸಿದರೆ ಉಪಕಾರವಾಗುತ್ತದೆ.

ಆಕೃತಿಗಳ ಜೋಡಣೆ ತ್ರಿಕೋನಾಕಾರದ್ದು ಎಂದಷ್ಟೇ ಬರೆದರೆ ಸಾಲದು. ಹೊರಗಡೆ ಮಂಡಿಯೂರಿದ ದಾನಿ ದಂಪತಿಗಳನ್ನು (ಚಿತ್ರ ಬರೆಸಿದವರನ್ನು), ಹಿಂದಿನ ರೂಢಿಯಂತೆ ಕುಬ್ಜರನ್ನಾಗಿಸದೆ, ಪವಿತ್ರ ವ್ಯಕ್ತಿಗಳಷ್ಟೇ ದೊಡ್ಡದಾಗಿ ಚಿತ್ರಿಸಲಾಗಿದೆ. ಆದರೂ ಅವರು ಹೊಸ್ತಿಲು ದಾಟಿಲ್ಲ. ಇಡೀ ಚಿತ್ರದ ಕೀಲು ಯೇಸುವಿನ ತಾಯಿ ಮರಿಯಳ ಕೈ ಎಂಬುದು ನನ್ನ ಖಚಿತ ಅಭಿಪ್ರಾಯ. ಅಳದೆ, ಬೇಡದೆ, ನಮ್ಮತ್ತ ನೋಡುತ್ತ ಆಕೆ ಮಗನನ್ನು ತೋರಿಸುವ ಆ ಒಂದು ಚಲನೆಯೇ ನಿಶ್ಚಲವಾದ ಗಣಿತಕ್ಕೆ ದುಃಖವನ್ನು ತುಂಬುತ್ತದೆ. ಇದನ್ನು ಒಪ್ಪದವರು ಕಾರಣಸಹಿತ ಬರೆಯಬೇಕೆಂದು ಕೋರುತ್ತೇನೆ.

ಗೆರೆ ಎಳೆದ ಪ್ರತಿಯನ್ನೂ ಟಿಪ್ಪಣಿಯನ್ನೂ ಶನಿವಾರ ಸಂಜೆಯೊಳಗೆ ಗುಂಪಿಗೆ ಕಳುಹಿಸಿ. ಇತರ ಸಂದೇಶಗಳನ್ನು ಅಲ್ಲಿಯವರೆಗೆ ದಯವಿಟ್ಟು ಹಾಕಬೇಡಿ.