ಮಕ್ಕಳ ವಿಡಿಯೊ ಗೇಮ್‌ಗಳಿಗೂ ವಿಮರ್ಶೆ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಪ್ರತಿ ವಾರ ಬರುವ ಸಿನಿಮಾ ಹಾಗೂ ಪುಸ್ತಕ ವಿಮರ್ಶೆಗಳನ್ನು ತಪ್ಪದೆ ಓದುವವಳು ನಾನು. ಎರಡೂವರೆ ಗಂಟೆಯ ಒಂದು ಚಿತ್ರವನ್ನು ನೋಡಬಹುದೋ ಬಾರದೋ ಎಂದು ತಿಳಿಸಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮನೆಯ ಮಕ್ಕಳು ತಿಂಗಳುಗಟ್ಟಲೆ ಕೂತು ಆಡುವ ವಿಡಿಯೊ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳುವುದೆಲ್ಲ ಚಟ, ಕಣ್ಣಿನ ತೊಂದರೆ, ಹಿಂದೆ ಬಿದ್ದ ಓದು, ಇಷ್ಟೇ. ಆ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಆ ಆತಂಕ ಇಲ್ಲದಿರಲು ಸಾಧ್ಯವೂ ಇಲ್ಲ. ಆದರೆ ಒಂದು ಆಟವನ್ನು ಹೇಗೆ ಕಟ್ಟಿದ್ದಾರೆ, ಅದು ಮಗುವಿನಿಂದ ಏನು ಬೇಡುತ್ತದೆ, ಏನು ಕೊಡುತ್ತದೆ ಎಂಬುದನ್ನು ತಿಳಿಯದೆ ಬರಿಯ ಆತಂಕ ಪಟ್ಟರೆ ತಂದೆತಾಯಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಇದು ನನಗೆ ಮನದಟ್ಟಾದದ್ದು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದಾಗ, ಏಳು ವರ್ಷದ ಮೊಮ್ಮಗನ ಪಕ್ಕ ಕೂತು ‘ಸ್ಕೈಲ್ಯಾಂಡರ್ಸ್’ ಎಂಬ ಆಟವನ್ನು ಮೊದಲ ಸಲ ನೋಡಿದ ದಿನಗಳಲ್ಲಿ.

ಆಟ ಹೊಸದೇನಲ್ಲ. ಅದರ ಮೊದಲ ಆವೃತ್ತಿ ‘ಸ್ಕೈಲ್ಯಾಂಡರ್ಸ್: ಸ್ಪೈರೋಸ್ ಅಡ್ವೆಂಚರ್’ 2011ರ ಅಕ್ಟೋಬರ್‌ನಲ್ಲಿ ಬಂದದ್ದು, ಅದನ್ನು ರೂಪಿಸಿದವರು ಅದೇ ಕ್ಯಾಲಿಫೋರ್ನಿಯಾದ ನೊವಾಟೊ ಎಂಬ ಊರಿನ ‘ಟಾಯ್ಸ್ ಫಾರ್ ಬಾಬ್’ ಸಂಸ್ಥೆಯವರು. ಅಲ್ಲಿ ವಾರದ ಕೊನೆಗೆ ಜನ ತಮ್ಮ ಮನೆಯ ಮುಂದೆಯೇ ಹಳೆಯ ಸಾಮಾನು ಹರಡಿಕೊಂಡು ಮಾರುವ ರೂಢಿಯಿದೆ. ಅಂಥ ಒಂದು ಮನೆಯಿಂದ ಅಳಿಯ ನಿಂಟೆಂಡೊ ಕಂಪನಿಯ ಹಳೆಯ ‘ವೀ’ ಕನ್ಸೋಲ್ (ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರ), ಆಟದ ಡಿಸ್ಕ್, ತಿಂಡಿ ತಟ್ಟೆಯಷ್ಟು ಅಗಲದ ಒಂದು ದುಂಡನೆಯ ಪೀಠ ಮತ್ತು ಐದು ಗೊಂಬೆಗಳಿದ್ದ ರಟ್ಟಿನ ಪೆಟ್ಟಿಗೆಯನ್ನು ತಂದರು. ಗೊಂಬೆಗಳು ಅಂಗೈಯಲ್ಲಿ ಹಿಡಿಯುವಷ್ಟು ಎತ್ತರದವು, ಪ್ಲಾಸ್ಟಿಕ್ಕಿನವು, ಕಣ್ಣು ಹಲ್ಲು ರೆಕ್ಕೆಗಳ ಕೆಲಸ ಒಳ್ಳೆಯ ಅಚ್ಚುಕಟ್ಟು. ನೇರಳೆ ಬಣ್ಣದ ಡ್ರ್ಯಾಗನ್ ಸ್ಪೈರೋ, ಮೀನಿನ ಮೈಯ ಗಿಲ್ ಗ್ರಂಟ್, ಎರಡು ಕೈಗೂ ಬಂದೂಕು ಹಿಡಿದ ಟ್ರಿಗರ್ ಹ್ಯಾಪಿ, ಇವು ಮೂರು ಮೂಲ ಪೆಟ್ಟಿಗೆಯ ಜೊತೆಗೇ ಬರುತ್ತಿದ್ದಂಥವು. ಎರಪ್ಟರ್ ಮತ್ತು ಸ್ಟೆಲ್ತ್ ಎಲ್ಫ್ ಎಂಬೆರಡನ್ನು ಹಿಂದಿನ ಮನೆಯವರು ಬೇರೆಯಾಗಿ ಕೊಂಡಿದ್ದರು.

ಗೊಂಬೆಯನ್ನು ಪೀಠದ ಮೇಲೆ ಇಟ್ಟ ಕೂಡಲೇ ಪೀಠ ಬೆಳಗುತ್ತದೆ, ಆ ಗೊಂಬೆಯೇ ಟಿವಿ ಪರದೆಯ ಮೇಲೆ ಜೀವ ತಳೆದು ಜಿಗಿಯುತ್ತದೆ, ಎತ್ತಿದರೆ ಮಾಯವಾಗುತ್ತದೆ. ಗೊಂಬೆಯೊಳಗೆ ಬ್ಯಾಟರಿ ಇಲ್ಲ. ಅಡಿಯಲ್ಲಿ ಒಂದು ಸಣ್ಣ ಚಿಪ್ ಇದ್ದು, ಪೀಠದಿಂದ ಬರುವ ರೇಡಿಯೊ ಅಲೆಗಳಿಂದಲೇ ಅದಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ನಮ್ಮ ಮೆಟ್ರೊ ಕಾರ್ಡನ್ನು ಗೇಟಿಗೆ ತಾಗಿಸಿದಾಗ ಆಗುವುದೂ ಈ ಬಗೆಯದೇ ಎಂದು ಅಳಿಯ ವಿವರಿಸಿದ ಮೇಲೆ ನನಗೂ ಅರ್ಥವಾಯಿತು. ಮೇಲಾಗಿ ಆ ಚಿಪ್ ಗೊಂಬೆಯ ಗುರುತನ್ನಷ್ಟೇ ಹೇಳುವುದಲ್ಲ. ಅದು ಗಳಿಸಿದ ಮಟ್ಟ, ಕೂಡಿಟ್ಟ ನಾಣ್ಯ, ಕಲಿತ ಪಟ್ಟು, ತೊಟ್ಟ ಟೋಪಿ ಎಲ್ಲವನ್ನೂ ಗೊಂಬೆಯಲ್ಲೇ ಬರೆದಿಡುತ್ತದೆ. ಆದ್ದರಿಂದ ಮಗು ತನ್ನ ಗೊಂಬೆಯನ್ನು ಜೇಬಿನಲ್ಲಿ ಹಾಕಿಕೊಂಡು ಗೆಳೆಯನ ಮನೆಗೆ ಹೋದರೆ, ಅಲ್ಲಿರುವ ಕನ್ಸೋಲ್ ಬೇರೆ ಕಂಪನಿಯದಾಗಿದ್ದರೂ, ಇಲ್ಲಿ ಬಿಟ್ಟಲ್ಲಿಂದಲೇ ಆ ಗೊಂಬೆ ಮುಂದುವರಿಯುತ್ತದೆ.

ಇದರ ಅರ್ಥ ನಮಗೆ ಮೊದಲ ಸಂಜೆಯೇ ಕಣ್ಣಿಗೆ ಕಂಡಿತು. ಮೊಮ್ಮಗ ಗಿಲ್ ಗ್ರಂಟನ್ನು ಪೀಠದ ಮೇಲೆ ಇಟ್ಟ. ಬಂದ ಪಾತ್ರದ ತಲೆಯ ಮೇಲೆ ಆಗಲೇ ಒಂದು ಟೋಪಿ ಇತ್ತು, ಅದು ಹತ್ತನೆಯ ಮಟ್ಟವನ್ನು, ಅಂದರೆ ಆ ಆಟದಲ್ಲಿ ಏರಬಹುದಾದ ಕೊನೆಯ ಮಟ್ಟವನ್ನು, ಆಗಲೇ ಮುಟ್ಟಿತ್ತು, ಅದಕ್ಕೆ ಯಾರೋ ಮುದ್ದಿನ ಹೆಸರೊಂದನ್ನೂ ಇಟ್ಟಿದ್ದರು. “ಅಜ್ಜಿ, ಇವನ ಜೊತೆ ಯಾರೋ ಮೊದಲೇ ಆಡಿದ್ದಾರೆ” ಎಂದು ಹುಡುಗ ಪಿಸುದನಿಯಲ್ಲಿ ಹೇಳಿದ. ಹಳೆಯದನ್ನೆಲ್ಲ ಅಳಿಸಿ ಗೊಂಬೆಯನ್ನು ಹೊಸದಾಗಿಸಿಕೊಳ್ಳುವ ಅವಕಾಶ ಆಟದಲ್ಲಿದೆ. ಅಳಿಸೋಣವೇ ಎಂದು ಅವರಪ್ಪ ಕೇಳಿದಾಗ ಅವನು ಗೊಂಬೆಯನ್ನು ಎತ್ತಿಕೊಂಡು ಎದೆಗವಚಿ ಬೇಡವೆಂದ. ನಾನಿದ್ದ ಆರು ತಿಂಗಳೂ ಅದು ಆ ಅಪರಿಚಿತ ಮಗು ಇಟ್ಟ ಹೆಸರಿನಲ್ಲೇ ಇತ್ತು. ಇನ್ನೊಬ್ಬರ ಪರಿಶ್ರಮವನ್ನು ಅಳಿಸಬಾರದು ಎಂಬ ಮಾತನ್ನು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿರಬಹುದೋ ಲೆಕ್ಕವಿಲ್ಲ. ಅದನ್ನು ಒಂದು ಮಗು ಯಾರೂ ಹೇಳದೆ ತಾನಾಗಿ ಪಾಲಿಸಿದ್ದನ್ನು ಕಂಡದ್ದು ಅಪರೂಪ. ಹಳೆಯ ಗೊಂಬೆಗಳನ್ನು ಮಾರುವ ಅಥವಾ ಬೇರೆಯವರಿಗೆ ಕೊಡುವ ಮನೆಯವರು, ಮಗು ಗೊಂಬೆಗೆ ತನ್ನದೇ ಹೆಸರನ್ನು ಇಟ್ಟಿದ್ದರೆ ಅದನ್ನು ಮೊದಲು ಅಳಿಸಿ ಕೊಡುವುದು ಒಳ್ಳೆಯದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆಟದ ಕಥೆ ಸರಳ. ಆಕಾಶದಲ್ಲಿ ತೇಲುವ ದ್ವೀಪಗಳ ಲೋಕವೊಂದಿದೆ, ಕೇಯಾಸ್ ಎಂಬ ದುಷ್ಟ ಅದರ ಬೆಳಕಿನ ಮೂಲವನ್ನು ನಾಶಮಾಡುತ್ತಾನೆ, ಆ ಸ್ಫೋಟದಲ್ಲಿ ಅಲ್ಲಿನ ವೀರರೆಲ್ಲ ಭೂಮಿಗೆ ಬಂದು ಬಿದ್ದು ಗೊಂಬೆಗಳಾಗಿ ಹೆಪ್ಪುಗಟ್ಟಿದ್ದಾರೆ; ಅವರನ್ನು ಮತ್ತೆ ಆ ಲೋಕಕ್ಕೆ ಕಳಿಸುವ ಶಕ್ತಿ ಪೀಠದ ಒಡೆಯನಾದ ಮಗುವಿಗೆ ಮಾತ್ರ ಇದೆ. ಹೊಡೆದಾಟ ಇದೆ, ರಕ್ತ ಇಲ್ಲ. ಇಬ್ಬರು ಒಂದೇ ಪರದೆಯ ಮೇಲೆ ಜೊತೆಗೂಡಿ ಆಡಬಹುದು. ನಮ್ಮ ಮನೆಯಲ್ಲಿ ಎರಡನೆಯ ರಿಮೋಟ್ ಹಿಡಿದವಳು ನಾನೇ. ನನ್ನ ಗೊಂಬೆ ಹಿಂದೆ ಬಿದ್ದರೆ ಮೊಮ್ಮಗ ಮುಂದೆ ಹೋಗದೆ ನಿಂತು ಕಾಯುತ್ತಿದ್ದ. ಅಂತರ್ಜಾಲ ಬೇಕಿಲ್ಲ, ಅಪರಿಚಿತರ ಜೊತೆ ಮಾತುಕತೆಯಿಲ್ಲ, ಮಧ್ಯೆ ಮಧ್ಯೆ ಬರುವ ಜಾಹೀರಾತಿಲ್ಲ. ಇಂದು ಮಕ್ಕಳ ಕೈಯಲ್ಲಿರುವ ಮೊಬೈಲ್ ಗೇಮ್‌ಗಳಿಗೆ ಹೋಲಿಸಿದರೆ ಇವೆಲ್ಲ ಸಣ್ಣ ಗುಣಗಳಲ್ಲ.

ಇಷ್ಟು ಮೆಚ್ಚಿದ ಮೇಲೂ ಒಂದು ವಿಷಯದಲ್ಲಿ ನನಗೆ ತೀವ್ರವಾದ ಆಕ್ಷೇಪವಿದೆ. ಈ ಆಟದ ವೀರರನ್ನು ಎಂಟು ತತ್ವಗಳಿಗೆ ಹಂಚಿದ್ದಾರೆ: ಮಾಯೆ, ನೀರು, ಬೆಂಕಿ, ಭೂಮಿ, ಗಾಳಿ, ಜೀವ, ಯಂತ್ರ, ಪ್ರೇತ. ನಮ್ಮ ಪಂಚಭೂತಗಳಲ್ಲಿ ನಾಲ್ಕು ಇಲ್ಲಿ ಬಂದಿವೆ. ಆಟದ ದಾರಿಯಲ್ಲಿ ಅಲ್ಲಲ್ಲಿ ಬಾಗಿಲುಗಳಿವೆ, ಒಂದೊಂದು ಬಾಗಿಲೂ ಒಂದೊಂದು ತತ್ವದ ಗೊಂಬೆಗೆ ಮಾತ್ರ ತೆರೆಯುತ್ತದೆ. ಮೂಲ ಪೆಟ್ಟಿಗೆಯಲ್ಲಿ ಬರುತ್ತಿದ್ದ ಮೂರು ಗೊಂಬೆಗಳು ಮಾಯೆ, ನೀರು, ಯಂತ್ರಗಳಿಗೆ ಸೇರಿದವು. ಅಂದರೆ ಉಳಿದ ಐದು ಬಗೆಯ ಬಾಗಿಲುಗಳು, ಡಿಸ್ಕ್‌ನಲ್ಲಿ ಆಗಲೇ ಇರುವ ಆ ಜಾಗಗಳು, ಮತ್ತೆ ಐದು ಗೊಂಬೆ ಕೊಳ್ಳುವ ತನಕ ಮಗುವಿಗೆ ಮುಚ್ಚಿಯೇ ಇರುತ್ತವೆ. ಆಗ ಅಮೆರಿಕದಲ್ಲಿ ಮೂಲ ಪೆಟ್ಟಿಗೆಗೆ 70 ಡಾಲರ್, ಬಿಡಿ ಗೊಂಬೆಯೊಂದಕ್ಕೆ ಸುಮಾರು 8 ಡಾಲರ್ ಬೆಲೆಯಿತ್ತು. ಬಾಗಿಲುಗಳನ್ನೆಲ್ಲ ತೆರೆಯಲೆಂದೇ ಇನ್ನೂ 40 ಡಾಲರ್. ಒಟ್ಟು 32 ವೀರರನ್ನೂ ಬಿಡಿಬಿಡಿಯಾಗಿ ಕೂಡಿಸುವುದಾದರೆ 230 ಡಾಲರಿಗೂ ಹೆಚ್ಚು. ಮುಖ್ಯ ಕಥೆಯನ್ನು ಆ ಮೂರೇ ಗೊಂಬೆಗಳಿಂದ ಕೊನೆಯವರೆಗೂ ಆಡಿ ಮುಗಿಸಬಹುದು ಎಂಬುದು ನಿಜ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಸೋತ ಗೊಂಬೆ ಆ ಹಂತ ಮುಗಿಯುವ ತನಕ ಮತ್ತೆ ಬರುವಂತಿಲ್ಲ, ಆದ್ದರಿಂದ ಗೊಂಬೆ ಕಡಿಮೆಯಿರುವ ಮಗು ಹಂತವನ್ನು ಮೊದಲಿನಿಂದ ಆಡಬೇಕಾದ ಸಂದರ್ಭ ಹೆಚ್ಚು.

ಬಾಗಿಲಿಗಿಂತಲೂ ನನಗೆ ನೋವಾದದ್ದು ಇನ್ನೊಂದು ಏರ್ಪಾಟಿನಿಂದ. ದಾರಿಯಲ್ಲಿ ಕಷ್ಟಪಟ್ಟು ಗೆಲ್ಲುವ ಕೆಲವು ಹೊಳೆಯುವ ಮಣಿಗಳಿವೆ. ಪ್ರತಿ ಮಣಿ ಒಬ್ಬ ವೀರನಿಗೆ ಸೇರಿದ್ದು, ಅವನ ವಿಶೇಷ ಶಕ್ತಿಗೆ ಕೀಲಿ ಇದ್ದಂತೆ. ಮಗುವಿನ ಬಳಿ ಆ ವೀರನ ಗೊಂಬೆ ಇಲ್ಲದಿದ್ದರೂ ಮಣಿ ಸಿಗುತ್ತದೆ, ಸಿಕ್ಕ ಮೇಲೆ ಆ ವೀರ ಏನೇನು ಮಾಡಬಲ್ಲ ಎಂಬುದನ್ನು ತೋರಿಸುವ ಕಿರುಚಿತ್ರವನ್ನೂ ನೋಡಬಹುದು. ಏಳು ವರ್ಷದ ಮಗುವಿಗೆ ಅದು ಬಹುಮಾನದಂತೆಯೇ ಕಾಣುತ್ತದೆ, ಆದರೆ ಅದು ಅಂಗಡಿಯ ಕಪಾಟಿನಲ್ಲಿರುವ ವಸ್ತುವಿನ ಪ್ರಚಾರ. ಆಟದ ಒಳಗಿನ ಗೆಲುವು ಯಾವುದು, ಹೊರಗಿನ ಮಾರಾಟ ಯಾವುದು ಎಂದು ಬಿಡಿಸಿ ನೋಡುವ ವಯಸ್ಸು ಅದಲ್ಲ. ಮಕ್ಕಳಿಗೆ ಮಾರಬಾರದೆಂದು ನಾನು ಹೇಳುತ್ತಿಲ್ಲ. ಮಗು ಗೆದ್ದ ಗಳಿಗೆಯನ್ನೇ ಆರಿಸಿಕೊಂಡು ಅದರ ಮುಂದೆ ಸರಕು ಹಿಡಿಯಬಾರದು ಎನ್ನುತ್ತಿದ್ದೇನೆ.

ಗೊಂಬೆ ಕೂಡಿಸುವುದು ನಮಗೇನು ಹೊಸದಲ್ಲ. ಮೈಸೂರಿನಲ್ಲಿ ನಮ್ಮ ಮನೆಯಲ್ಲಿ ನವರಾತ್ರಿಗೆ ಈಗಲೂ ಗೊಂಬೆ ಕೂರಿಸುತ್ತೇವೆ. ನನ್ನ ಮದುವೆಯಲ್ಲಿ ತಾಯಿ ಕೊಟ್ಟ ಮರದ ಪಟ್ಟದ ಗೊಂಬೆಗಳು ಮೇಲಿನ ಹಂತದಲ್ಲಿ ಇರುತ್ತವೆ, ಕೆಳಗಿನ ಹಂತಗಳಿಗೆ ವರ್ಷಕ್ಕೊಂದೆರಡು ಹೊಸದನ್ನು ಸೇರಿಸುವುದು ವಾಡಿಕೆ. ಮೊಮ್ಮಗ ರಾತ್ರಿ ಮಲಗುವ ಮೊದಲು ತನ್ನ ಐದನ್ನೂ ಟಿವಿ ಮುಂದೆ ಸಾಲಾಗಿ ನಿಲ್ಲಿಸಿ, ಯಾರ ಪಕ್ಕ ಯಾರು ಎಂದು ಮತ್ತೆ ಮತ್ತೆ ಬದಲಿಸುವುದನ್ನು ಕಂಡಾಗ ನನ್ನ ಬಾಲ್ಯವೇ ಕಣ್ಣ ಮುಂದೆ ಬಂತು. ಆದರೆ ಹೊಸ ಗೊಂಬೆ ತರಲಿಲ್ಲವೆಂದು ನಮ್ಮ ಮನೆಯ ಹಳೆಯ ಹಂತ ಎಂದೂ ಮುಚ್ಚಿಕೊಂಡದ್ದಿಲ್ಲ. ಹೊಸದು ಬಂದರೆ ಸಂತೋಷ, ಬಾರದಿದ್ದರೆ ಕೊರತೆಯಿಲ್ಲ. ಮಗುವಿನ ಸಂಗ್ರಹ ಹಾಗಿರಬೇಕು ಎಂಬುದು ನನ್ನ ನಂಬಿಕೆ.

ಇದು ಒಂದು ಆಟಕ್ಕೆ ನಿಂತ ವಿಷಯವೂ ಅಲ್ಲ. 2012ರಿಂದ 2016ರವರೆಗೆ ಸ್ಕೈಲ್ಯಾಂಡರ್ಸ್ ವರ್ಷಕ್ಕೊಂದು ಹೊಸ ಆಟವಾಗಿ ಬಂತು. ಹಳೆಯ ಗೊಂಬೆಗಳು ಹೊಸ ಆಟದಲ್ಲಿ ನಡೆಯುತ್ತಿದ್ದವು, ಹೊಸ ಗೊಂಬೆಗಳು ಹಳೆಯ ಆಟದಲ್ಲಿ ನಡೆಯುತ್ತಿರಲಿಲ್ಲ. 2013ರಲ್ಲಿ ‘ಡಿಸ್ನಿ ಇನ್ಫಿನಿಟಿ’, 2014ರಲ್ಲಿ ನಿಂಟೆಂಡೊದ ‘ಅಮೀಬೊ’, 2015ರಲ್ಲಿ ‘ಲೆಗೊ ಡೈಮೆನ್ಷನ್ಸ್’ ಇದೇ ಹಾದಿ ಹಿಡಿದವು. ಡಿಸ್ನಿಯದು 2016ರಲ್ಲೇ ನಿಂತಿತು, ಲೆಗೊದ್ದು ಅದರ ಮರುವರ್ಷ. ತಯಾರಿಕೆ ನಿಂತುಹೋದ ಇಂಥ ಗೊಂಬೆಗಳು ಈಗ ಹಳೆಯ ಸಾಮಾನಿನ ಪೆಟ್ಟಿಗೆಗಳಲ್ಲಿ ಕೈ ಬದಲಾಯಿಸುತ್ತಿವೆ, ಅಮೆರಿಕದಿಂದ ಬರುವ ಅತ್ತೆ ಮಾವಂದಿರ ಸೂಟ್‌ಕೇಸಿನಲ್ಲಿ ನಮ್ಮ ಮನೆಗಳಿಗೂ ಬರಬಹುದು. ಅಂಥವರಿಗೆ ನಾನು ತಿಳಿದ ಎರಡು ಮಾತು ಉಪಯೋಗವಾದೀತು. ಸ್ಕೈಲ್ಯಾಂಡರ್ಸ್ ಗೊಂಬೆಯ ಕಾಲಡಿಯ ತಳ ಹಸಿರಾಗಿದ್ದರೆ ಅದು 2011ರ ಮೊದಲ ಆಟದ್ದು, ಕಿತ್ತಳೆಯಾಗಿದ್ದರೆ 2012ರದು, ನೀಲಿಯಾದರೆ 2013ರದು, ಕೆಂಪಾದರೆ 2014ರದು. ಇದನ್ನು ನೋಡದೆ ಕೊಂಡರೆ ಮನೆಯಲ್ಲಿರುವ ಆಟಕ್ಕೆ ಅದು ಒಗ್ಗದೆ ಹೋಗಬಹುದು. ಗೊಂಬೆ ಎಲ್ಲ ಕನ್ಸೋಲಿಗೂ ಆಗುತ್ತದೆ, ಬೆಳಗುವ ಪೀಠ ಹಾಗಲ್ಲ. ತಂತಿಯಿಲ್ಲದ ಪೀಠವಾದರೆ ಕನ್ಸೋಲಿಗೆ ಚುಚ್ಚುವ ಅದರದೇ ಸಣ್ಣ ಯುಎಸ್‌ಬಿ ತುಂಡು ಜೊತೆಗಿದೆಯೇ ಎಂದು ನೋಡಿಯೇ ತರಬೇಕು.

ಇಂಥ ಮಾಹಿತಿ ಅಳಿಯನಿಗೂ ಮೊದಲು ತಿಳಿದಿರಲಿಲ್ಲ, ನನಗಂತೂ ತಿಳಿಯುವ ದಾರಿಯೇ ಇರಲಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟು: ತಿಂಗಳಿಗೆ ಒಂದು ಸಲವಾದರೂ ಮಕ್ಕಳ ಒಂದು ವಿಡಿಯೊ ಗೇಮ್ ಅಥವಾ ಮೊಬೈಲ್ ಗೇಮನ್ನು ಬಲ್ಲವರಿಂದ ಆಡಿಸಿ ಕನ್ನಡದಲ್ಲಿ ವಿಮರ್ಶೆ ಬರೆಸಿ. ಮೊದಲು ಕೊಟ್ಟ ಹಣಕ್ಕೆ ಆಟ ಎಷ್ಟು ತೆರೆಯುತ್ತದೆ, ಉಳಿದದ್ದಕ್ಕೆ ಇನ್ನೆಷ್ಟು ತೆರಬೇಕು, ಇಬ್ಬರು ಕೂತು ಆಡಬಹುದೇ, ಅಂತರ್ಜಾಲವಿಲ್ಲದೆ ನಡೆಯುತ್ತದೆಯೇ, ಹತ್ತು ವರ್ಷ ಬಿಟ್ಟು ತೆಗೆದರೂ ಕೆಲಸ ಮಾಡುತ್ತದೆಯೇ ಎಂಬುದನ್ನು ಸಿನಿಮಾದ ಛಾಯಾಗ್ರಹಣದ ಬಗ್ಗೆ ಬರೆಯುವಷ್ಟೇ ಕಾಳಜಿಯಿಂದ ಬರೆಸಿ.

ನಮ್ಮ ಮನೆಯ ಐದು ಗೊಂಬೆಗಳಲ್ಲಿ ಭೂಮಿ ತತ್ವದ್ದು ಒಂದೂ ಇರಲಿಲ್ಲ. ನಾನು ಹೊರಡುವ ಹಿಂದಿನ ವಾರ ಮೊಮ್ಮಗನ ಸಹಪಾಠಿಯೊಬ್ಬಳು ತನ್ನ ಅಣ್ಣನ ಹಳೆಯ ಡಬ್ಬಿಯಿಂದ ಟೆರ್ರಾಫಿನ್ ಎಂಬ ಗೊಂಬೆಯನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದಳು. ಅದನ್ನು ಪೀಠದ ಮೇಲೆ ಇಟ್ಟು, ಇಬ್ಬರೂ ಸೇರಿ ನಾಲ್ಕು ತಿಂಗಳಿಂದ ಮುಚ್ಚಿದ್ದ ಬಾಗಿಲನ್ನು ತೆರೆದರು. ಒಳಗೆ ಇದ್ದದ್ದು ಒಂದು ಟೋಪಿ. ಅದನ್ನು ಟೆರ್ರಾಫಿನ್ ತಲೆಗೇ ಹಾಕಿ, ಸಂಜೆ ಗೊಂಬೆಯನ್ನು ಆ ಹುಡುಗಿಯ ಕೈಗೆ ಕೊಟ್ಟು ಕಳಿಸಿದ.

ಇಂತಿ,
ನಿವೃತ್ತ ಶಿಕ್ಷಕಿ, ಮೈಸೂರು