ಪುಟ್ಟಿ, ಹ್ಯೂಸ್ಟನ್ ಬಗ್ಗೆ ಸ್ವಲ್ಪ ಓದು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೀನಿಯರ್ ಆಫೀಸಿನಲ್ಲಿ ಬರೀ ಫೈಲು ಹೊತ್ತು, ಅಫಿಡವಿಟ್ ತಿದ್ದಿ ಸಾಕಾಗಿದೆ, ಇದಕ್ಕಾ ನಾನು ಲಾ ಓದಿದ್ದು ಅಂತ ಕೇಳಿದ್ದೀಯ. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಹೆಸರು ನಿನಗೆ ಗೊತ್ತೇ ಇರುತ್ತದೆ. ಅವರ ಗುರು, ಕಪ್ಪು ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಬಗ್ಗೆ ಓದಿದ್ದೀಯಾ?

ಮೊದಲ ಮಹಾಯುದ್ಧದಲ್ಲಿ ಅವರು ಸೇನೆಯ ಅಧಿಕಾರಿ. ಅಲ್ಲಿ ತಮ್ಮದೇ ಸೇನೆಯ ಬಿಳಿಯರು ಕಪ್ಪು ಸೈನಿಕರನ್ನು ನಡೆಸಿಕೊಂಡ ರೀತಿ ನೋಡಿ, ಬದುಕಿ ಹೋದರೆ ಕಾನೂನು ಓದುತ್ತೇನೆ ಅಂತ ಗಟ್ಟಿ ಮಾಡಿಕೊಂಡರು. ಹಾರ್ವರ್ಡ್‌ನಲ್ಲಿ ಓದಿದರು. 1929ರಿಂದ, ಹೆಚ್ಚಾಗಿ ಕಪ್ಪು ವಿದ್ಯಾರ್ಥಿಗಳೇ ಓದುತ್ತಿದ್ದ ಹೋವರ್ಡ್ ಲಾ ಸ್ಕೂಲಿನ ಹೊಣೆ ಹೊತ್ತು, ಸಂಜೆ ಕಾಲೇಜಾಗಿದ್ದ ಅದನ್ನು ಮಾನ್ಯತೆ ಪಡೆದ ಪೂರ್ಣಾವಧಿ ಕಾಲೇಜು ಮಾಡಿದರು.

ಆಗ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ 1896ರ ತೀರ್ಪು ಜಾರಿಯಲ್ಲಿತ್ತು: ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ವ್ಯವಸ್ಥೆ ಇರಬಹುದು, ಆದರೆ ಎರಡೂ ಸಮಾನವಾಗಿರಬೇಕು. ಹ್ಯೂಸ್ಟನ್ ಆ ಎರಡನೇ ಮಾತನ್ನೇ ಹಿಡಿದರು. ಸಮಾನ ಅಂತ ನೀವೇ ಹೇಳಿದ್ದೀರಲ್ಲ, ಎಲ್ಲಿದೆ ತೋರಿಸಿ! ಕ್ಯಾಮೆರಾ ಹಿಡಿದು ಸೌತ್ ಕ್ಯಾರೊಲಿನಾದ ಹಳ್ಳಿಗಳಿಗೆ ಹೋಗಿ ಕಪ್ಪು ಮಕ್ಕಳ ಮುರುಕಲು ಶಾಲೆ, ಬಿಳಿ ಮಕ್ಕಳ ಒಳ್ಳೇ ಶಾಲೆ ಎರಡನ್ನೂ ಚಿತ್ರೀಕರಿಸಿಕೊಂಡು ಬಂದರು. ಅಷ್ಟು ದೊಡ್ಡ ವಕೀಲರು ಸಾಕ್ಷಿಗಾಗಿ ತಾವೇ ಹೋದರು, ನನಗೆ ಅವರಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ.

ಆಮೇಲೆ ಲಾಯ್ಡ್ ಗೇನ್ಸ್ ಕೇಸು. ಕಪ್ಪು ಹುಡುಗ ಅಂತ ಮಿಸೌರಿ ರಾಜ್ಯದ ಲಾ ಸ್ಕೂಲು ಅವನಿಗೆ ಸೀಟು ಕೊಡಲಿಲ್ಲ. ಬೇರೆ ರಾಜ್ಯಕ್ಕೆ ಹೋಗಿ ಓದು, ಫೀಸು ನಾವು ಕಟ್ಟುತ್ತೇವೆ ಅಂದರು. ಎಂಥ ಉಪಾಯ, ಅಲ್ವಾ? ಸುಪ್ರೀಂ ಕೋರ್ಟಿಗೆ ಹೋಗುವ ಮುಂಚೆ ಹ್ಯೂಸ್ಟನ್ ಹೋವರ್ಡ್‌ನಲ್ಲೇ ತಮ್ಮವರ ಮುಂದೆ ನಿಂತು ಇಡೀ ವಾದ ಒಮ್ಮೆ ಮಾಡಿ ನೋಡಿದರು. ಕೋರ್ಟಿನಲ್ಲಿ ಮೆಕ್‌ರೆನಾಲ್ಡ್ಸ್ ಎಂಬ ನ್ಯಾಯಮೂರ್ತಿ ಅವರಿಗೆ ಬೆನ್ನು ತಿರುಗಿಸಿ ಕೂತರಂತೆ. ಹ್ಯೂಸ್ಟನ್ ವಾದ ನಿಲ್ಲಿಸಲಿಲ್ಲ. 1938ರಲ್ಲಿ ಗೆದ್ದರು: ಬಿಳಿಯರಿಗೆ ರಾಜ್ಯದೊಳಗೆ ಕೊಡುವ ಓದನ್ನು ಇವನಿಗೂ ರಾಜ್ಯದೊಳಗೇ ಕೊಡಬೇಕು.

1950ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 54. ಶಾಲೆಗಳಲ್ಲಿ ಬೇರ್ಪಡಿಸುವುದೇ ತಪ್ಪು ಅಂತ ಕೋರ್ಟು ಹೇಳಿದ್ದು 1954ರಲ್ಲಿ, ಆ ಕೇಸಿನಲ್ಲಿ ವಾದಿಸಿದ್ದು ಅವರ ಶಿಷ್ಯ ಮಾರ್ಷಲ್.

ನೀನು ಬೇಜಾರಲ್ಲಿ ಹೇಳಿದ ಆ ಹಾಸ್ಟೆಲ್ ಕೇಸು ಇದೆಯಲ್ಲ, ಸುಮ್ನೆ ಅರ್ಜಿ ತಿದ್ದುತ್ತಾ ಕೂರಬೇಡ. ಸೀನಿಯರ್‌ಗೆ ಹೇಳಿ ಒಂದು ಸಲ ಹಾಸ್ಟೆಲಿಗೇ ಹೋಗು. ಎಷ್ಟು ಹುಡುಗಿಯರಿಗೆ ಎಷ್ಟು ಬಚ್ಚಲು, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಾ ಅವರನ್ನೇ ಕೇಳಿ ಬರೆದುಕೋ. ಅವರನ್ನು ಕೇಳಿಯೇ ಫೋಟೋ ತೆಗಿ, ತಾರೀಖು ಹಾಕಿಡು. ಆಮೇಲೆ ಅಫಿಡವಿಟ್ ಬರೆಯಲು ಕೂರು. ಬರೆದಾದ ಮೇಲೆ ಫೋನ್ ಮಾಡು, ಹೇಗಾಯಿತು ಅಂತ ಕೇಳಬೇಕು ನನಗೆ.

ನಿನ್ನ ದೊಡ್ಡಪ್ಪ