ಬಾಗಿಲು ಮುಚ್ಚಿದೆ ಅಂದವನನ್ನು ನಂಬಿದೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಮಹನೀಯರೊಬ್ಬರು ಬರೆದಿದ್ದರು. ಹೆಣ್ಣುಮಕ್ಕಳು ಒಬ್ಬೊಬ್ಬರೇ ವಿದೇಶ ಸುತ್ತುವ ಶೋಕಿ ಜಾಸ್ತಿಯಾಗಿದೆ, ಮೋಸ ಹೋಗಿ ಅತ್ತುಕೊಂಡು ಬರುತ್ತಾರೆ, ಹೋಗಲೇಬೇಕೆಂದರೆ ಟೂರ್ ಗುಂಪಿನ ಜೊತೆ ಹೋಗಲಿ ಅಂತ. ಅವರ ಕಾಳಜಿಗೆ ನಮಸ್ಕಾರ. ನಾನು ಒಬ್ಬಳೇ ಹೋದವಳು, ಮೋಸವನ್ನೂ ಹೋದವಳು. ಅಳಲಿಲ್ಲ, ಅಷ್ಟೆ. ಹಾಗಾಗಿ ಉತ್ತರ ಬರೆಯುವ ಅರ್ಹತೆ ನನಗಿದೆ ಅಂದುಕೊಂಡಿದ್ದೇನೆ.

ನನಗೀಗ 61. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ 30 ವರ್ಷ ಕೂತು ಎದ್ದವಳು. ಅಂಟಿಸಿದ ನೋಟು, ಖೋಟಾ ನೋಟು, ಒಂದು ಎಣಿಸಿದರೆ ಎರಡಾಗಲೆಂದು ಕಂತೆಯೊಳಗೆ ಮಡಚಿಟ್ಟ ನೋಟು, ಎಲ್ಲವೂ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ನನ್ನನ್ನು ಯಾಮಾರಿಸುವವರು ಯಾರು ಅನ್ನುವ ಜಂಬ ಸ್ವಲ್ಪ ಇತ್ತು. ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿಲ್ಲ, ಕೈಯಲ್ಲಿ ಪಿಂಚಣಿ ಇತ್ತು. ಕಳೆದ ವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಬಾಲಿ, ಒಟ್ಟು ಹನ್ನೊಂದು ದಿನಕ್ಕೆ ಟಿಕೆಟ್ ಮಾಡಿಸಿದೆ. ತಮ್ಮ ಒಂದು ತಿಂಗಳು ಮುಖ ಊದಿಸಿಕೊಂಡು ತಿರುಗಿದ.

ಬ್ಯಾಂಕಾಕಿನಲ್ಲಿ ಎರಡನೇ ದಿನ. ಚಾವೊ ಫ್ರಯಾ ನದಿಯ ದೋಣಿಯಲ್ಲಿ ಬಂದು ಥಾ ಚಾಂಗ್ ಅನ್ನುವ ಕಡೆ ಇಳಿದೆ. ಅಲ್ಲಿಂದ ಗ್ರ್ಯಾಂಡ್ ಪ್ಯಾಲೆಸ್, ಅಂದರೆ ಅವರ ಹಳೆಯ ಅರಮನೆ, ಹತ್ತಿರವೇ. ಉದ್ದನೆಯ ಬಿಳಿ ಗೋಡೆ ಹಿಡಿದು ಹೋಗುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಐವತ್ತರ ಆಸುಪಾಸಿನ ಒಬ್ಬ ಎದುರಾದ. ಥೇಟ್ ನಮ್ಮ ತಾಲ್ಲೂಕು ಕಚೇರಿಯ ಶಿರಸ್ತೇದಾರರ ಹಾಗೆ. ಕೈಮುಗಿದ. ಯಾವ ದೇಶ ಅಂದ. ಇಂಡಿಯಾ ಅಂದೆ. ‘ಓ, ಬುದ್ಧ ಹುಟ್ಟಿದ ದೇಶ’ ಅಂದ. ಬುದ್ಧ ಹುಟ್ಟಿದ ಲುಂಬಿನಿ ಈಗ ನೇಪಾಳದಲ್ಲಿದೆ, ಆದರೂ ಕೇಳಲು ಹಿತವಾಯಿತು. ಆಮೇಲೆ ಪಾಪ ಅನ್ನುವ ಮುಖ ಮಾಡಿ, ಇವತ್ತು ವಿಶೇಷ ಪೂಜೆ, ಮಧ್ಯಾಹ್ನದವರೆಗೆ ಹೊರಗಿನವರಿಗೆ ಬಾಗಿಲು ಮುಚ್ಚಿದೆ ಅಂದ.

ಸಂಪಾದಕರೇ, ನಾನು ಹಾಸನದವಳು. ನಮ್ಮೂರ ತಾಯಿ ಹಾಸನಾಂಬೆ ದೀಪಾವಳಿಯ ಹೊತ್ತಿಗೆ ಬಿಟ್ಟರೆ ಮತ್ತೆ ವರ್ಷವಿಡೀ ಯಾರಿಗೂ ಬಾಗಿಲು ತೆಗೆಯುವವಳಲ್ಲ. ಅಂಥ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ‘ಇವತ್ತು ಬಾಗಿಲು ಮುಚ್ಚಿದೆ’ ಅಂದರೆ ಅದರಲ್ಲಿ ಅನುಮಾನ ಪಡುವುದೇನಿದೆ? ಸರಿ ಅಂದೆ. ಅವನೇ ನನ್ನ ನಕ್ಷೆ ಇಸಕೊಂಡು ಮೂರು ಕಡೆ ಗುರುತು ಹಾಕಿದ, ಅವನೇ ಟುಕ್‌ಟುಕ್, ಅಂದರೆ ಅಲ್ಲಿನ ಆಟೋ, ಕೂಗಿದ, ಅವನೇ ಮೂರೂ ಕಡೆಗೆ ಸೇರಿ 20 ಬಾತ್ ಅಂತ ಮಾತಾಡಿದ. ಅಂದರೆ ನಮ್ಮ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ನಮ್ಮ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೂ ಆಟೋದವನು ಬರುವುದಿಲ್ಲ. ಅಲ್ಲೇ ತಲೆ ಓಡಬೇಕಿತ್ತು. ಓಡಲಿಲ್ಲ.

ಮೊದಲು ಒಂದು ಚಿಕ್ಕ ಬುದ್ಧನ ಗುಡಿ. ಒಳಗೆ ಇನ್ನೊಬ್ಬ ಸಭ್ಯಸ್ಥ ತನ್ನ ಪಾಡಿಗೆ ಕೂತಿದ್ದ. ಮಾತಿಗೆ ಮಾತು ಬಂದು, ಸರ್ಕಾರದ ಹರಳಿನ ಮಾರಾಟ ಇವತ್ತೇ ಕೊನೆಯಂತೆ, ನನ್ನ ತಂಗಿಗೂ ತೆಗೆದುಕೊಂಡೆ ಅಂದ. ಅವನೂ ಆ ಶಿರಸ್ತೇದಾರನೂ ಒಂದೇ ಕಂಪನಿಯ ನೌಕರರು ಅಂತ ನನಗೆ ಹೊಳೆದದ್ದು ಅವತ್ತು ರಾತ್ರಿ ಹೋಟೆಲಿನಲ್ಲಿ ಹಲ್ಲುಜ್ಜುವಾಗ. ಸರ್ಕಾರದ ಮಾರಾಟವೂ ಇಲ್ಲ, ಕೊನೆಯ ದಿನವೂ ಇಲ್ಲ. ಗಿರಾಕಿಯನ್ನು ಅಂಗಡಿಯ ಬಾಗಿಲಿಗೆ ತಂದುಬಿಟ್ಟರೆ ಟುಕ್‌ಟುಕ್‌ನವನಿಗೆ ಅಂಗಡಿಯವರು ಗಾಡಿಗೆ ಗ್ಯಾಸ್ ತುಂಬಿಸುವ ಕೂಪನ್ ಕೊಡುತ್ತಾರೆ. ಐವತ್ತು ರೂಪಾಯಿಯ ಲೆಕ್ಕ ಕೂಡುವುದು ಅಲ್ಲಿ.

ಅಂಗಡಿ ಎಸಿ ಹಾಕಿದ್ದು, ತಂಪಾಗಿತ್ತು. ನಾನು ಒಳಗೆ ಕಾಲಿಟ್ಟ ಮೇಲೆ ಗಾಜಿನ ಬಾಗಿಲು ‘ಟಿಕ್’ ಅಂತ ಕೂಡಿಕೊಂಡಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಒಬ್ಬಳು ಹುಡುಗಿ ಸಿಸ್ಟರ್ ಸಿಸ್ಟರ್ ಅಂತ ಕೈಹಿಡಿದು ಕೂರಿಸಿ ತಂಪು ಪಾನೀಯ ಕೊಟ್ಟಳು. ಕಪ್ಪು ಮಖಮಲ್ಲಿನ ಮೇಲೆ ನೀಲಿ ಹರಳುಗಳನ್ನು ಸುರಿದಳು. ಊರಿಗೆ ಒಯ್ದು ಮಾರಿದರೆ ಎರಡರಷ್ಟು ಸಿಗುತ್ತದೆ ಅಂದಳು. ಎರಡರಷ್ಟು ಅಂದಾಗ ನನ್ನೊಳಗಿನ ಕ್ಯಾಷಿಯರ್ ಎದ್ದು ಕೂತಳು. ಬೇಡಮ್ಮ ಅಂದೆ. ಹುಡುಗಿ ನಗು ನಿಲ್ಲಿಸಿದಳು. ಒಳಗಿನಿಂದ ಒಬ್ಬ ಬಂದು ನನ್ನ ಕುರ್ಚಿಗೂ ಬಾಗಿಲಿಗೂ ನಡುವೆ ಕೈಕಟ್ಟಿ ನಿಂತ. ಏನೂ ಮಾತಾಡಲಿಲ್ಲ. ಇನ್ನೊಬ್ಬ, ಇಷ್ಟು ಹೊತ್ತು ನಮ್ಮ ಸಮಯ ತೆಗೆದುಕೊಂಡಿರಿ, ನಮ್ಮ ಜ್ಯೂಸ್ ಕುಡಿದಿರಿ ಅಂದ. ಗಾಜಿನಾಚೆ ಟುಕ್‌ಟುಕ್‌ನವನು ಸಿಗರೇಟು ಸೇದುತ್ತಾ ನನ್ನ ಕಡೆ ನೋಡದ ಹಾಗೆ ನಿಂತಿದ್ದ.

ಯಾರೂ ಮೈಮುಟ್ಟಲಿಲ್ಲ, ಯಾರೂ ಬೈಯಲಿಲ್ಲ. ಪೊಲೀಸರಿಗೆ ಹೇಳೋಣವೆಂದರೆ ಹೇಳುವುದೇನು? ಒಬ್ಬ ಕೈಕಟ್ಟಿ ನಿಂತಿದ್ದ ಅಂತಲೇ? ಬಾಯಿ ಒಣಗಿತ್ತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಸಂಕೋಚವಾಯಿತು. ಅವರ ಮನೆಯ ನೀರು ಕುಡಿದು ಬರಿಗೈಲಿ ಎದ್ದು ಹೋಗುವುದು ಹೇಗೆ ಅನ್ನುವ ಸಂಕೋಚ. ನಮ್ಮಮ್ಮ ಕಲಿಸಿದ ಮರ್ಯಾದೆ ಬ್ಯಾಂಕಾಕಿನಲ್ಲಿ ಹೀಗೆ ಉಪಯೋಗಕ್ಕೆ ಬಂತು. ಇದ್ದುದರಲ್ಲೇ ಚಿಕ್ಕ ಉಂಗುರ ತೋರಿಸಿ 1,000 ಬಾತ್ ಎಣಿಸಿ ಕೊಟ್ಟೆ. ಬಾಗಿಲು ಮತ್ತೆ ‘ಟಿಕ್’ ಅಂತು.

ಮೂರನೆಯ ಜಾಗಕ್ಕೆ ಬರುವುದಿಲ್ಲ ಅಂದಿದ್ದಕ್ಕೆ ಟುಕ್‌ಟುಕ್‌ನವನು ಅಲ್ಲೇ ಇಳಿಸಿ ಹೋದ. ದಾರಿ ಕೇಳುತ್ತಾ, ಬಿಸಿಲಿಗೆ ಸೆರಗು ತಲೆಗೆಳೆದು ಅರಮನೆ ಸೇರುವ ಹೊತ್ತಿಗೆ ಮೂರೂಮುಕ್ಕಾಲು. ಟಿಕೆಟ್ ಮೂರೂವರೆಗೇ ನಿಲ್ಲಿಸುತ್ತಾರೆ. ಬೆಳಿಗ್ಗೆ ತೆರೆದೇ ಇದ್ದ ಬಾಗಿಲು ಈಗ ನಿಜವಾಗಿಯೂ ಮುಚ್ಚಿತ್ತು! ಕಾವಲುಗಾರ ಮಾತಾಡದೆ ಬೆರಳಿನಲ್ಲಿ ಒಂದು ಫಲಕ ತೋರಿಸಿದ. ಅರಮನೆ ದಿನವೂ ತೆರೆದಿರುತ್ತದೆ, ದಾರಿಯಲ್ಲಿ ಸಿಗುವ ಅಪರಿಚಿತರ ಮಾತು ನಂಬಬೇಡಿ ಅಂತ ದೊಡ್ಡದಾಗಿ ಬರೆದಿತ್ತು. ಮರುದಿನ ಬೆಳಿಗ್ಗೆ ಎಂಟೂವರೆಗೇ ಹೋಗಿ 500 ಬಾತ್ ಕೊಟ್ಟು ನೋಡಿಬಂದೆ. ಅದೇ ಗೋಡೆಯ ಹತ್ತಿರ ಅದೇ ಮನುಷ್ಯ ಒಬ್ಬ ಬಿಳಿ ಹುಡುಗಿಗೆ ಕೈಮುಗಿಯುತ್ತಿದ್ದ. ರಸ್ತೆಯ ಈಚೆಯಿಂದಲೇ ‘ಓಪನ್! ಓಪನ್!’ ಅಂತ ಕೂಗಿದೆ. ಆ ಹುಡುಗಿ ನನ್ನನ್ನೇ ಅನುಮಾನದಿಂದ ನೋಡಿತು. ಆದರೂ ಬಾಗಿಲ ಕಡೆಗೇ ನಡೆಯಿತು.

ಊರಿಗೆ ಬಂದ ಮೇಲೆ ಉಂಗುರವನ್ನು ನಮ್ಮ ಆಚಾರ್ರಿಗೆ ತೋರಿಸಿದೆ. ‘ಬೆಳ್ಳಿ ಬೆಳ್ಳಿನೇ ಕಣಮ್ಮ, ಹರಳು ಗಾಜು’ ಅಂದರು.

ಬಾಲಿಗೆ ಹೋಗುವಷ್ಟರಲ್ಲಿ ನಾನು ಬೇರೆ ಹೆಂಗಸಾಗಿದ್ದೆ. ಕೂಟಾದ ಒಂದು ಗಲ್ಲಿಯಲ್ಲಿ ಹಣ ಬದಲಿಸುವ ಪುಟ್ಟ ಗೂಡು, ಅಕ್ಕಪಕ್ಕದವರಿಗಿಂತ ಹೆಚ್ಚಿನ ದರ ಬರೆದ ಹಲಗೆ. ಡಾಲರಿಗೆ 16,000 ರುಪಿಯಾ, ಅಂದರೆ ಅಲ್ಲಿನ ದುಡ್ಡು. 200 ಡಾಲರ್ ಕೊಟ್ಟರೆ 32 ಲಕ್ಷ. ಈ ಸೊನ್ನೆಗಳಲ್ಲೇ ಜನ ಅರ್ಧ ಸೋಲುತ್ತಾರೆ. 50,000ದ ನೋಟಿನಲ್ಲಿ ಕೊಟ್ಟ, 64 ಇರಬೇಕು. ಎಣಿಸಿದೆ, ಸರಿಯಾಗಿ 64. ಆಗ ಅವನು, ಒಂದು ನಿಮಿಷ ಮೇಡಂ, ಇನ್ನೊಂದು ಸಲ ನೋಡುತ್ತೇನೆ ಅಂತ ಕಂತೆ ವಾಪಸ್ ಇಸಕೊಂಡ. ಮೇಜಿಗೆ ಎರಡು ಸಲ ಕುಟ್ಟಿ, ಅಂಚು ಸಮ ಮಾಡಿ, ನಗುತ್ತಾ ಕೊಟ್ಟ. ಆ ಕುಟ್ಟುವಾಗಲೇ ಕೆಳಗಿನ ನೋಟುಗಳು ಅವನ ಮಡಿಲಿಗೆ ಜಾರಿದ್ದವು. ಬೇರೆ ಯಾರೇ ಆಗಿದ್ದರೂ ಪರ್ಸಿಗೆ ತುರುಕಿ ಹೊರಡುತ್ತಿದ್ದರು. ಆದರೆ ಕೌಂಟರಿನಲ್ಲಿ ಹೊಸಬರಿಗೆ ನಾವು ಕಲಿಸುತ್ತಿದ್ದ ಮೊದಲ ಪಾಠವೇ ಅದು: ನೋಟು ಕೊನೆಗೆ ಮುಟ್ಟಿದ ಕೈ ನಿನ್ನದಾಗಿರಬೇಕು, ಬೇರೆ ಕೈಗೆ ಹೋಗಿಬಂದರೆ ಮತ್ತೆ ಮೊದಲಿನಿಂದ. ಎಣಿಸಿದೆ. 58.

ಕಂತೆಯನ್ನು ಮೇಜಿನ ಮೇಲಿಟ್ಟು ‘ನನ್ನ ಡಾಲರ್’ ಅಂದೆ. ಕಮಿಷನ್ ಅಂದ. ಹಲಗೆಯಲ್ಲಿ ಕಮಿಷನ್ ಇಲ್ಲ ಅಂತ ಬರೆದಿದೆ ಅಂದೆ. ಒಳಗಿನಿಂದ ಇನ್ನೊಬ್ಬ ಬಂದ, ದನಿ ಏರಿಸಿದ. ಈ ಸಲ ನಾನು ಕೂತಿರಲಿಲ್ಲ, ಹೊಸ್ತಿಲಲ್ಲೇ ನಿಂತಿದ್ದೆ. ಅಲ್ಲಿಂದ ಒಂದು ಹೆಜ್ಜೆ ಬೀದಿಗೆ ಇಳಿದು, ನಮ್ಮ ಕಟ್ಟಿನಕೆರೆ ಮಾರ್ಕೆಟ್ಟಿನ ದನಿಯಲ್ಲಿ, ಅಚ್ಚ ಕನ್ನಡದಲ್ಲಿ, ‘ನನ್ ದುಡ್ಡು ವಾಪಸ್ ಕೊಡ್ತೀಯೋ ಇಲ್ವೋ!’ ಅಂದೆ. ಒಂದಕ್ಷರ ಅವರಿಗೆ ಅರ್ಥವಾಗಲಿಲ್ಲ, ಎಲ್ಲವೂ ಅರ್ಥವಾಯಿತು. ಎದುರಿನ ಬಟ್ಟೆ ಅಂಗಡಿಯಾಕೆ ಹೊರಗೆ ಬಂದು ನೋಡಿದಳು, ಇಬ್ಬರು ಪ್ರವಾಸಿಗರು ನಿಂತರು. ಎರಡೂ ನೂರರ ಡಾಲರ್ ನೋಟು ನನ್ನ ಕೈಗೆ ಬಂದವು. ಅವುಗಳನ್ನೂ ಬೆಳಕಿಗೆ ಹಿಡಿದು ನೋಡಿಯೇ ಹೊರಟೆ.

ಬ್ಯಾಂಕಾಕಿನ ಅಂಗಡಿಯಲ್ಲೂ ಇದೇ ಮಾಡಬಹುದಿತ್ತು. ಅಲ್ಲಿ ಕೂತುಬಿಟ್ಟಿದ್ದೆ, ಕುಡಿದುಬಿಟ್ಟಿದ್ದೆ. ಹೆದರಿಸುವುದು ಕೊನೆಗೆ ಬರುತ್ತದೆ, ಉಪಕಾರ ಮೊದಲು. ನಮ್ಮ ಹೆಣ್ಣುಮಕ್ಕಳಿಗೆ ಹೆದರಿಕೆಯ ಬಗ್ಗೆ ಬೇಕಾದಷ್ಟು ಹೇಳಿದ್ದೇವೆ, ಉಪಕಾರ ಬೇಡ ಅನ್ನುವುದನ್ನು ಹೇಳಿಕೊಟ್ಟಿಲ್ಲ. ನನ್ನ ಅಣ್ಣನ ಮಗಳು ಪ್ಯಾರಿಸ್ಸಿನಲ್ಲಿ ಓದುತ್ತಾಳೆ. ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಬಳಿ ಒಬ್ಬ ನಗುತ್ತಾ ಬಂದು ಬಣ್ಣದ ದಾರ ಹಿಡಿದನಂತೆ. ದೇವಸ್ಥಾನದಲ್ಲಿ ದಾರ ಕಟ್ಟುತ್ತೇವೆ ಅಂದರೆ ಕೈ ಚಾಚಿ ಬೆಳೆದ ಹುಡುಗಿ, ಚಾಚಿಬಿಟ್ಟಿದ್ದಾಳೆ. ಗಂಟು ಬಿದ್ದ ಮೇಲೆ 20 ಯೂರೋ ಕೇಳಿದ, ಇನ್ನಿಬ್ಬರು ಸುತ್ತುವರಿದರು. ಈಗ ಆ ಬೀದಿಗೆ ಹೋದರೆ ಎರಡೂ ಕೈ ಕೋಟಿನ ಜೇಬಿನಲ್ಲಿ.

ಒಬ್ಬಳೇ ಬಂದಿದ್ದೀಯಾ ಅಂತ ಕೇಳುವವರು ಎಲ್ಲ ಕಡೆ ಸಿಗುತ್ತಾರೆ. ಮೊದಲ ದಿನ ಹೌದು ಅನ್ನುತ್ತಿದ್ದೆ. ಆಮೇಲೆ ಗಂಡ ಹೋಟೆಲಿನಲ್ಲಿ ಕಾಯ್ತಿದ್ದಾರೆ ಅನ್ನಲು ಶುರು ಮಾಡಿದೆ. ಆರು ವರ್ಷದ ಹಿಂದೆ ಹೋದವರು ಬಾಲಿಯ ಹೋಟೆಲಿನಲ್ಲಿ ಐದು ದಿನ ನನಗಾಗಿ ಕಾದರು.

ಇನ್ನು ಟೂರ್ ಗುಂಪಿನ ವಿಷಯ. ನಮ್ಮ ಬೀದಿಯ ದಂಪತಿ ಗುಂಪಿನಲ್ಲೇ ಥಾಯ್ಲೆಂಡಿಗೆ ಹೋಗಿದ್ದರು. ಅವರನ್ನು ಎಸಿ ಬಸ್ಸಿನಲ್ಲಿ ಕೂರಿಸಿಯೇ ಹರಳಿನ ಅಂಗಡಿಗೆ ಇಳಿಸಿದ್ದಾರೆ. ಅವರು ಕೊಟ್ಟದ್ದು ನನ್ನ ಇಪ್ಪತ್ತರಷ್ಟು. ನಾನಾದರೂ ನಡೆದು ವಾಪಸ್ ಬಂದೆ, ಅವರು ಬಸ್ಸಿಗಾಗಿ ಒಂದೂವರೆ ಗಂಟೆ ಅಲ್ಲೇ ಕಾಯಬೇಕಾಯಿತಂತೆ. ಮನೆಯಲ್ಲಿದ್ದರೆ ಕ್ಷೇಮವೋ? ಪಕ್ಕದ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರನ್ನು, ಪೊಲೀಸರ ಸೋಗಿನಲ್ಲಿ ಫೋನ್ ಮಾಡಿದ ಕಳ್ಳರು ‘ಡಿಜಿಟಲ್ ಅರೆಸ್ಟ್’ ಅಂತ ಹೇಳಿ ಎರಡು ದಿನ ಅವರದೇ ಹಾಲ್‌ನಲ್ಲಿ ಫೋನಿನ ಕ್ಯಾಮೆರಾ ಮುಂದೆ ಕೂರಿಸಿದ್ದರು. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆನ್ನುವುದು ಅವರಿಗೆ ಗೊತ್ತಿರಲಿಲ್ಲ. ಅವರು ಗಂಡಸರು, ಒಬ್ಬರೇ ಇರಲಿಲ್ಲ, ವಿದೇಶದಲ್ಲೂ ಇರಲಿಲ್ಲ.

ಬೈಯುವ ಬದಲು ಉಪಯೋಗಕ್ಕೆ ಬರುವುದನ್ನು ಅಚ್ಚು ಹಾಕಿ ಅಂತ ನನ್ನ ಕೋರಿಕೆ. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಅರ್ಜಿ ಕೊಡುವ ಕಾಲ ಇದು. ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬರುವ ಪಾಸ್‌ಪೋರ್ಟಿನ ಜೊತೆ ಕನ್ನಡದ ಒಂದು ಹಾಳೆ ಬಂದರೆ ಎಷ್ಟು ಖರ್ಚು? ಥಾಯ್ಲೆಂಡಿನಲ್ಲಿ ಪ್ರವಾಸಿಗರ ಪೊಲೀಸ್ 1155, ಯುರೋಪಿನಲ್ಲಿ ತುರ್ತು ಕರೆಗೆ 112 ಅಂತ ಇರಲಿ. ನನಗೆ 1155 ಗೊತ್ತಾದದ್ದು ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ 2015ರಿಂದ ಇದೆ, ಅಲ್ಲಿ ದೂರು ಕೊಡಬಹುದು ಅಂತ ಇರಲಿ. ಜೆಟ್ ಸ್ಕೀ, ಸ್ಕೂಟರ್ ಬಾಡಿಗೆಯವರು ಪಾಸ್‌ಪೋರ್ಟ್ ಒತ್ತೆ ಇಡು ಅಂದರೆ ಬಾಡಿಗೆಯೇ ಬೇಡ ಅಂತ ದಪ್ಪ ಅಕ್ಷರದಲ್ಲಿರಲಿ. ವಾಪಸ್ ಕೊಡುವಾಗ ಇಲ್ಲದ ಗೀರು ತೋರಿಸಿ ದುಡ್ಡು ಕೇಳುತ್ತಾರೆ, ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದರೆ ನಮ್ಮ ಜುಟ್ಟೂ ಅವರ ಕೈಯಲ್ಲಿ. ಕಳೆದೇಹೋದರೆ ಪೊಲೀಸ್ ದೂರಿನ ಪ್ರತಿ ಹಿಡಿದು ನಮ್ಮ ರಾಯಭಾರ ಕಚೇರಿಗೆ ಹೋಗಬೇಕು, ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಜೆರಾಕ್ಸ್ ಬೇರೆ ಚೀಲದಲ್ಲಿರಲಿ. ಫೋನೇ ಹೋದರೆ ಎಂದು ನಾನು ನಂಬರುಗಳನ್ನೆಲ್ಲ ಚೀಟಿಯಲ್ಲಿ ಬರೆದು, ರವಿಕೆಗೆ ಒಳಜೇಬು ಹೊಲಿಸಿ ಇಟ್ಟುಕೊಂಡಿದ್ದೆ. ಟೈಲರ್ ನಕ್ಕ, ನಗಲಿ.

ಬ್ಯಾಂಕಿನವಳ ಬಾಯಿ ಸುಮ್ಮನಿರದು, ಇದೊಂದು ಸೇರಿಸಿ: ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯಲ್ಲೋ, ಬಾತ್‌ನಲ್ಲೋ’ ಅಂತ ಕೇಳುತ್ತದೆ. ರೂಪಾಯಿ ನಮ್ಮದು ಅನ್ನುವ ಅಭಿಮಾನಕ್ಕೆ ಒತ್ತಬೇಡಿ. ಆ ದರ ಅವರು ಹಾಕಿದ್ದು, ನಷ್ಟ ನಮಗೆ. ಅಲ್ಲಿನ ಎಟಿಎಂ ನಮ್ಮ ಕಾರ್ಡಿಗೆ ಒಂದು ಸಲಕ್ಕೆ 220 ಬಾತ್ ಮುರಿಯಿತು, ತೆಗೆದದ್ದು ನೂರಾಗಲಿ ಸಾವಿರವಾಗಲಿ ಅಷ್ಟೇ.

ಪತ್ರ ಉದ್ದವಾಯಿತು, ಎಲ್ಲಿ ಬೇಕಾದರೂ ಕತ್ತರಿಸಿ, ನಂಬರುಗಳನ್ನು ಮಾತ್ರ ಬಿಡಬೇಡಿ. ಮುಂದಿನ ನವೆಂಬರಿಗೆ ವಿಯೆಟ್ನಾಂಗೆ ಟಿಕೆಟ್ ಮಾಡಿಸಿದ್ದೇನೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ. ಆ ಉಂಗುರ ಬ್ಯಾಂಕಾಕಿನಲ್ಲಿ ಇಷ್ಟಪಟ್ಟು ಕೊಂಡದ್ದು ಅಂತಲೇ ನನ್ನ ತಮ್ಮ ಇವತ್ತಿಗೂ ತಿಳಿದಿದ್ದಾನೆ.

ಇತಿ,
ನಿವೃತ್ತ ಕ್ಯಾಷಿಯರ್, ವಿದ್ಯಾನಗರ, ಹಾಸನ